ಕುಕ್ಕರ್ ಕೂಗಿದ ಟೇಕನ್ನೇ ಉಳಿಸಿಕೊಳ್ಳಿ

ಓದುಗರ ಪ್ರಶ್ನೆಗಳಿಗೆ ಉತ್ತರ: ಮನೆಯಲ್ಲಿ ಧ್ವನಿಮುದ್ರಣ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕನ್ನಡದಲ್ಲಿ ಹಾಡುವ ಒಂದು ಮೆಟಲ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಡ್ರಮ್ಮರ್ ಮನೆಯ ಮಹಡಿಯಲ್ಲಿರುವ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಮೂರು ಹಾಡುಗಳ ಡೆಮೊ ಮಾಡಿದ್ದೇವೆ. ಮೈಕು, ಗಿಟಾರುಗಳನ್ನು ಕಂಪ್ಯೂಟರಿಗೆ ಸೇರಿಸುವ ನಮ್ಮ ಇಂಟರ್‌ಫೇಸ್‌ನಲ್ಲಿ ನಾಲ್ಕೇ ಇನ್‌ಪುಟ್‌ಗಳಿರುವುದರಿಂದ ಡ್ರಮ್ಸ್‌ಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಮತ್ತು ಸೆಟ್ಟಿನ ಮೇಲ್ಗಡೆ ಎರಡು ಓವರ್‌ಹೆಡ್ ಮೈಕುಗಳನ್ನಷ್ಟೇ ಇಟ್ಟೆವು. ಗಿಟಾರ್ ಮತ್ತು ಬೇಸನ್ನು ನೇರವಾಗಿ ಇಂಟರ್‌ಫೇಸ್‌ಗೆ ಸೇರಿಸಿ ಆಂಪ್ಲಿಫೈಯರಿನ ಸದ್ದನ್ನು ಅನುಕರಿಸುವ ಆಂಪ್ ಪ್ಲಗಿನ್ ಬಳಸಿದೆವು. ಅಂತರ್ಜಾಲದಲ್ಲಿ ಸಿಕ್ಕ ಒಂದು ಮೆಟಲ್ ಟೆಂಪ್ಲೇಟಿನಲ್ಲಿ (ಮೊದಲೇ ಹೊಂದಿಸಿಟ್ಟ ಮಿಕ್ಸಿನ ಮಾದರಿ) ಎಲ್ಲವನ್ನೂ ಕೂರಿಸಿ, ಡ್ರಮ್ಸನ್ನು ಲಯದ ಗೆರೆಗಳಿರುವ ಗ್ರಿಡ್ಡಿಗೆ ಜೋಡಿಸಿ, ಕಿಕ್ ಮತ್ತು ಸ್ನೇರ್ ಬದಲಿಗೆ ಬೇರೆಡೆ ಮುದ್ರಿಸಿಟ್ಟ ಹೊಡೆತಗಳ ಸ್ಯಾಂಪಲ್ ಹಾಕಿದೆವು. ಕೋಣೆಯಲ್ಲಿ ನುಡಿಸುವಾಗ ಮೈ ಜುಮ್ಮೆನ್ನುತ್ತದೆ. ಮಿಕ್ಸ್ ಕೇಳಿದರೆ ಪ್ಲಾಸ್ಟಿಕ್ ಡಬ್ಬ ಬಡಿದಂತಿದೆ. ಹಾಡಿನ ಮಾತುಗಳೂ ಕೇಳುವುದಿಲ್ಲ. ಬೇಸ್ ಟ್ರ್ಯಾಕಿನಲ್ಲಿ ‘ಗುಂಯ್’ ಎನ್ನುವ ಸದ್ದಿದೆ; ಒಂದು ವಿಡಿಯೊದಲ್ಲಿ ಹೇಳಿದಂತೆ 60 ಹರ್ಟ್ಸ್ ಕತ್ತರಿಸಿದರೂ ಅದು ಹೋಗಲಿಲ್ಲ. ಸಹಜವಾದ ನಾದ ಬರಬೇಕಾದರೆ ಏನು ಮಾಡಬೇಕು? ಮಿಕ್ಸನ್ನೂ ಮೂಲ ಟ್ರ್ಯಾಕುಗಳನ್ನೂ ಕಳುಹಿಸಿದ್ದೇವೆ.
– ಒಬ್ಬ ಓದುಗ, ದಾವಣಗೆರೆ

ಉತ್ತರ: ನೀವು ಕಳುಹಿಸಿದ ಮಿಕ್ಸನ್ನು ಒಮ್ಮೆ ಕೇಳಿ, ಆಮೇಲೆ ಮೂಲ ಟ್ರ್ಯಾಕುಗಳನ್ನು ಒಂದೊಂದಾಗಿ ಕೇಳಿದೆ. ಎರಡನೆಯ ಹಾಡಿನ ಓವರ್‌ಹೆಡ್ ಟ್ರ್ಯಾಕಿನಲ್ಲಿ, ಗಿಟಾರ್ ಸೋಲೊ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಕೆಳಗಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಸ್ಪಷ್ಟವಾಗಿ ದಾಖಲಾಗಿದೆ. ಅಂತಿಮ ಮಿಕ್ಸಿನಲ್ಲಿ ಆ ಕೂಗು ಇಲ್ಲ. ಅದರ ಜೊತೆಗೆ ನಿಮ್ಮ ಡ್ರಮ್ ಸೆಟ್ಟೂ ಇಲ್ಲ. ಟೆಂಪ್ಲೇಟು ಓವರ್‌ಹೆಡ್ ಮೈಕುಗಳನ್ನು ಸಿಂಬಲ್‌ಗಾಗಿ (ಲೋಹದ ತಟ್ಟೆಗಳಿಗಾಗಿ) ಮಾತ್ರ ಇಟ್ಟ ಮೈಕುಗಳೆಂದು ಭಾವಿಸಿ, ಅವುಗಳಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿ, ಉಳಿದದ್ದನ್ನು ತೀರಾ ತಗ್ಗಿಸಿ ಗಿಟಾರುಗಳ ಹಿಂದೆ ಹೂತುಬಿಟ್ಟಿದೆ. ಹತ್ತಾರು ಮೈಕುಗಳಿರುವ ಸ್ಟುಡಿಯೊದಲ್ಲಿ ಅದಕ್ಕೊಂದು ಅರ್ಥವಿದ್ದೀತು. ನಾಲ್ಕೇ ಮೈಕುಗಳಿರುವ ನಿಮ್ಮ ಮುದ್ರಣದಲ್ಲಿ ಟಾಮ್‌ಗಳು, ಹೈ-ಹ್ಯಾಟ್, ಕೋಣೆಯ ಗಾಳಿ, ಇಡೀ ಸೆಟ್ಟಿನ ಮೈಕಟ್ಟು ಎಲ್ಲವೂ ಇರುವುದು ಆ ಎರಡು ಟ್ರ್ಯಾಕುಗಳಲ್ಲೇ.

‘ಸಹಜ ನಾದ’ ಎಂಬ ಮಾತು ಮೆಟಲ್ ಸಂಗೀತದ ವಿಷಯದಲ್ಲಿ ಸ್ವಲ್ಪ ಜಾರುವಂಥದ್ದು. ವೀಣೆಗೋ ಕೊಳಲಿಗೋ ವಿದ್ಯುತ್ತಿನ ಹಂಗಿಲ್ಲದ ಒಂದು ಮೂಲಧ್ವನಿ ಇರುತ್ತದೆ. ಸದ್ದನ್ನು ಬೇಕೆಂದೇ ಒಡೆಯುವ ಡಿಸ್ಟಾರ್ಷನ್ ಗಿಟಾರಿಗೆ ಅಂಥದ್ದಿಲ್ಲ. ಆಂಪ್ಲಿಫೈಯರು, ಸ್ಪೀಕರು ಎರಡೂ ಸೇರಿದ ಮೇಲೆಯೇ ಅದು ವಾದ್ಯವೆನಿಸಿಕೊಳ್ಳುತ್ತದೆ. ಆದ್ದರಿಂದ ಏನನ್ನೂ ಮುಟ್ಟದೆ ಬಿಟ್ಟರೆ ಸಹಜವಾಗುತ್ತದೆ ಎಂದುಕೊಳ್ಳಬೇಡಿ. ನಾಲ್ವರು ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಿದ್ದಾರೆ ಎಂದು ಕೇಳುಗರಿಗೆ ನಂಬಿಕೆ ಬಂದರೆ ಅದೇ ಸಹಜ. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ಮು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೊ ಒಂದರಲ್ಲಿ, ತಂಡದವರೆಲ್ಲ ಒಟ್ಟಿಗೆ ನುಡಿಸಿ, ಬಹುಪಾಲು ಒಂದೇ ದಿನದಲ್ಲಿ ಮುದ್ರಣಗೊಂಡದ್ದು. ಅದನ್ನು ಕೇಳುವಾಗ ಇಂದಿಗೂ ಆ ಕೋಣೆ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಮೂಲ ಟ್ರ್ಯಾಕುಗಳಲ್ಲೂ ಅಂಥ ನಂಬಿಕೆ ಹುಟ್ಟಿಸುವಷ್ಟು ಸರಕು ಇದೆ.

ಮೊದಲು ಗ್ರಿಡ್ಡಿನ ಕೆಲಸವನ್ನು ರದ್ದು ಮಾಡಿ. ನೀವು ಲಯ ತೋರಿಸುವ ಕ್ಲಿಕ್ ಸದ್ದು ಕೇಳಿಕೊಂಡು ಡ್ರಮ್ಸ್ ಮುದ್ರಿಸಿದಿರಿ, ಆ ಡ್ರಮ್ಸ್ ಕೇಳಿಕೊಂಡು ಗಿಟಾರ್ ಮತ್ತು ಬೇಸ್ ನುಡಿಸಿದಿರಿ, ಅದೆಲ್ಲ ಮುಗಿದ ಮೇಲೆ ಡ್ರಮ್ಸನ್ನು ಮಾತ್ರ ಎಳೆದು ಗ್ರಿಡ್ಡಿನ ಗೆರೆಗಳ ಮೇಲೆ ಕೂರಿಸಿದಿರಿ. ಮೊದಲ ಹಾಡಿನ ನಿಧಾನಗತಿಯ ಭಾಗದಲ್ಲಿ ನಿಮ್ಮ ಡ್ರಮ್ಮರ್ ಸ್ನೇರನ್ನು ಕ್ಲಿಕ್ಕಿಗಿಂತ ಸುಮಾರು 12 ಮಿಲಿಸೆಕೆಂಡ್ ಹಿಂದಿಟ್ಟು ಬಾರಿಸುತ್ತಾರೆ. ಗಿಟಾರ್ ನುಡಿಸುವವರ ಬಲಗೈ ಅದನ್ನೇ ನಂಬಿ, ಅದೇ ಜಾಗದಲ್ಲಿ ತಂತಿಗೆ ಬಿದ್ದಿದೆ. ಈಗ ಸ್ನೇರ್ ಮುಂದೆ ಸರಿದಿದೆ, ಗಿಟಾರ್ ಹಳೆಯ ಜಾಗದಲ್ಲೇ ನಿಂತಿದೆ. ಇಷ್ಟು ಸಣ್ಣ ಅಂತರವನ್ನು ಕಿವಿ ‘ತಡ’ ಎಂದು ಗುರುತಿಸುವುದಿಲ್ಲ. ಹೊಡೆತದಲ್ಲಿ ಬಲವಿಲ್ಲ ಎಂದಷ್ಟೇ ಗ್ರಹಿಸುತ್ತದೆ. ಬಲವಿಲ್ಲವೆಂದು ನೀವು ಸದ್ದಿನ ಏರಿಳಿತವನ್ನು ತಗ್ಗಿಸುವ ಕಂಪ್ರೆಸರ್ ಹಾಕಿದಿರಿ, ಅದು ಸಾಲದೆಂದು ಸ್ಯಾಂಪಲ್ ಹಾಕಿದಿರಿ. ನಾನೂ ಒಮ್ಮೆ ಒಬ್ಬ ಒಳ್ಳೆಯ ಡ್ರಮ್ಮರ್‌ನ ಟೇಕನ್ನು ರಾತ್ರಿಯೆಲ್ಲ ಕೂತು ಗೆರೆಗೆ ಗೆರೆ ಸೇರಿಸಿ ಬೆಳಿಗ್ಗೆ ಹೆಮ್ಮೆಯಿಂದ ಕೇಳಿಸಿದ್ದೆ. ಆತ ಪೂರ್ತಿ ಕೇಳಿ, ‘ಚೆನ್ನಾಗಿದೆ ಸಾರ್, ಯಾರು ಬಾರಿಸಿದ್ದು?’ ಎಂದು ಕೇಳಿದ. ಅಂದಿನಿಂದ, ನಿಜವಾಗಿ ಎಡವಿದ ಹೊಡೆತಗಳನ್ನು ಮಾತ್ರ ಒಂದೊಂದಾಗಿ ಕೈಯಿಂದ ಸರಿಪಡಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಆಗಲೂ ನಾಲ್ಕು ಡ್ರಮ್ ಟ್ರ್ಯಾಕುಗಳನ್ನು ಒಟ್ಟಿಗೇ ಕತ್ತರಿಸಿ ಒಟ್ಟಿಗೇ ಸರಿಸಬೇಕು.

ಇನ್ನು ಡ್ರಮ್ಸ್. ಟ್ರ್ಯಾಕುಗಳ ಸದ್ದಿನ ಮಟ್ಟ ಹೊಂದಿಸುವ ಎಲ್ಲ ಫೇಡರುಗಳನ್ನು ಇಳಿಸಿ, ಎರಡು ಓವರ್‌ಹೆಡ್‌ಗಳನ್ನು ಮಾತ್ರ ಏರಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಪ್ಯಾನ್ ಮಾಡಿ. ಅವುಗಳ ಮೇಲೆ ತಳಸದ್ದು ಕತ್ತರಿಸುವ ಹೈ ಪಾಸ್ ಫಿಲ್ಟರ್ ಬೇಕೆನಿಸಿದರೆ 50–60 ಹರ್ಟ್ಸ್ ಸಾಕು. ನಿಮ್ಮ ಟ್ರ್ಯಾಕುಗಳಲ್ಲಿ ಸ್ನೇರಿನ ಸದ್ದು ಎಡಗಡೆಯ ಓವರ್‌ಹೆಡ್ಡನ್ನು ಮೊದಲು ತಲುಪುತ್ತದೆ. ಬಲಗಡೆಯದಕ್ಕೆ ಅದು ಸುಮಾರು 0.9 ಮಿಲಿಸೆಕೆಂಡ್ ತಡವಾಗಿ ಬಂದಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುವುದರಿಂದ, ಒಂದು ಮೈಕು ಸ್ನೇರಿಗೆ ಇನ್ನೊಂದಕ್ಕಿಂತ 30 ಸೆಂಟಿಮೀಟರಿನಷ್ಟು ಹತ್ತಿರವಿತ್ತು ಎಂದು ಇದರಿಂದ ತಿಳಿಯುತ್ತದೆ. ಹೆಡ್‌ಫೋನಿನಲ್ಲಿ ಇದು ಅಗಲವಾದ ಸ್ಟೀರಿಯೊ ಎನಿಸಬಹುದು. ಆದರೆ ಒಂದೇ ಸ್ಪೀಕರಿನಲ್ಲಿ ಎರಡೂ ಸೇರಿದಾಗ 550–600 ಹರ್ಟ್ಸ್ ಸುತ್ತ ಒಂದು ಸದ್ದು ಇನ್ನೊಂದನ್ನು ನುಂಗಿಹಾಕುತ್ತದೆ. ಸ್ನೇರಿಗೆ ಟೊಳ್ಳು ಬರುತ್ತದೆ. ಮುಂದಿನ ಸಲ ಒಂದು ದಾರವನ್ನು ತೆಗೆದುಕೊಂಡು ಸ್ನೇರಿನ ನಡುಮಧ್ಯದಿಂದ ಎರಡೂ ಮೈಕುಗಳಿಗೆ ಸಮನಾಗಿ ಅಳೆದು ನಿಲ್ಲಿಸಿ. ಈ ಸಲಕ್ಕೆ ಬಲಗಡೆಯ ಟ್ರ್ಯಾಕನ್ನು ಅಷ್ಟು ಮುಂದಕ್ಕೆ ಸರಿಸಿದರೆ ಆಯಿತು.

ಆಮೇಲೆ ಸ್ನೇರಿನ ಹತ್ತಿರದ ಮೈಕನ್ನು ನಿಧಾನವಾಗಿ ಏರಿಸಿ. ಅದು ಸ್ನೇರಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿದ್ದರೆ ಓವರ್‌ಹೆಡ್ ಒಂದು ಮೀಟರಿಗೂ ಹೆಚ್ಚು ದೂರದಲ್ಲಿರುವುದರಿಂದ, ಒಂದೇ ಹೊಡೆತ ಎರಡು ಮೈಕುಗಳಿಗೆ ಸುಮಾರು 3 ಮಿಲಿಸೆಕೆಂಡ್ ಅಂತರದಲ್ಲಿ ತಲುಪುತ್ತದೆ. ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ಯಾವಾಗ ಸ್ನೇರಿನ 200 ಹರ್ಟ್ಸ್ ಸುತ್ತಲಿನ ‘ಧಪ್’ ತುಂಬಿಕೊಂಡು ಕೇಳುತ್ತದೆಯೋ ಅದನ್ನು ಇಟ್ಟುಕೊಳ್ಳಿ. ಅಷ್ಟರಿಂದ ಸಮಾಧಾನವಾಗದಿದ್ದರೆ ಹತ್ತಿರದ ಮೈಕಿನ ಟ್ರ್ಯಾಕನ್ನು ಆ 3 ಮಿಲಿಸೆಕೆಂಡಿನಷ್ಟು ಹಿಂದಕ್ಕೆ ತಳ್ಳಿ ನೋಡಿ. ಕಿಕ್ಕಿನ ದೂರ ಬೇರೆಯಾದ್ದರಿಂದ ಅದಕ್ಕೆ ಬೇರೆ ಅಳತೆ ಬೇಕು. ಈಕ್ಯೂಗೆ (ತಳ, ನಡು, ಮೇಲಿನ ಸದ್ದುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಕೈ ಹಾಕುವುದಕ್ಕೆ ಮೊದಲು ಇಷ್ಟು ಮಾಡಿದರೆ ಈಕ್ಯೂ ಅರ್ಧದಷ್ಟು ಸಾಕಾಗುತ್ತದೆ. ನಾನು ನಿಮ್ಮ ಟ್ರ್ಯಾಕಿನ ಮೇಲೆ ಮಾಡಿ ನೋಡಿದಾಗ ಸ್ನೇರಿಗೆ ಬೇರೇನೂ ಬೇಕಾಗಲಿಲ್ಲ. ಕುಕ್ಕರಿನ ಕೂಗು ಮತ್ತೆ ಕೇಳತೊಡಗಿತು ಎನ್ನುವುದು ನಿಜ, ಆದರೆ ಗಿಟಾರುಗಳು ಸೇರಿದ ಮೇಲೆ ಅದನ್ನು ಹುಡುಕಿದರಷ್ಟೇ ಸಿಗುತ್ತದೆ. ಇದ್ದರೆ ಇರಲಿ. ಆ ಟೇಕಿನಲ್ಲಿ ನಿಮ್ಮ ಡ್ರಮ್ಮರ್ ಬಾರಿಸಿರುವ ಪರಿ ಉಳಿದ ಟೇಕುಗಳಲ್ಲಿ ಇಲ್ಲ.

ಸ್ಯಾಂಪಲ್ಲುಗಳನ್ನು ಪೂರ್ತಿ ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ನಿಮ್ಮ ಕಿಕ್ ಮೈಕು ಹಿಡಿದಿರುವ ಸದ್ದು ಸ್ವಲ್ಪ ಮಂಕಾಗಿದೆ. ಆದರೆ ಸ್ಯಾಂಪಲ್ ನಿಜವಾದ ಕಿಕ್ಕಿನ ಕೆಳಗೆ ಆಸರೆಯಾಗಿ ಇರಲಿ, ಅದರ ಜಾಗದಲ್ಲಿ ಬೇಡ. ಮೂರನೆಯ ಹಾಡಿನ ವೇಗ ನಿಮಿಷಕ್ಕೆ 180. ಅಲ್ಲಿ ಎರಡೂ ಕಾಲುಗಳು ಬಿಡುವಿಲ್ಲದೆ ಬಾರಿಸುವಾಗ ಸೆಕೆಂಡಿಗೆ 12 ಹೊಡೆತಗಳು ಬೀಳುತ್ತವೆ, ಅಂದರೆ ಒಂದಕ್ಕೂ ಇನ್ನೊಂದಕ್ಕೂ 83 ಮಿಲಿಸೆಕೆಂಡ್ ಮಾತ್ರ ಅಂತರ. 50 ಹರ್ಟ್ಸ್‌ನ ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕು. ನಾಲ್ಕು ಅಲೆ ಏಳುವಷ್ಟರಲ್ಲಿ ಮುಂದಿನ ಹೊಡೆತ ಬಂದಿರುತ್ತದೆ. ಟೆಂಪ್ಲೇಟಿನ ಕಿಕ್ ಸ್ಯಾಂಪಲ್ಲಿಗೆ ಉದ್ದನೆಯ ಬಾಲ ಇರುವುದರಿಂದ ಆ ಭಾಗದಲ್ಲಿ ಕಿಕ್ಕು ಬಿಡಿಬಿಡಿಯಾಗಿ ಕೇಳದೆ ಲಾರಿ ಎಂಜಿನ್ನಿನಂತೆ ಮೊರೆಯುತ್ತಿದೆ. ಬಾಲವನ್ನು ಕತ್ತರಿಸಿ, 3–4 ಕಿಲೊಹರ್ಟ್ಸ್‌ನಲ್ಲಿರುವ ಬೀಟರಿನ (ಕಿಕ್ಕಿಗೆ ಬಡಿಯುವ ಸುತ್ತಿಗೆ) ‘ಟಕ್’ ಸದ್ದನ್ನು ಸ್ವಲ್ಪ ಏರಿಸಿ. ಜೊತೆಗೆ, ಎಡಗಾಲಿನ ಹೊಡೆತ ಬಲಗಾಲಿನದಕ್ಕಿಂತ ಸಣ್ಣಗಿರುವುದು ಮನುಷ್ಯರಲ್ಲಿ ಸಾಮಾನ್ಯ. ಟೆಂಪ್ಲೇಟು ಎರಡನ್ನೂ ಒಂದೇ ತೂಕಕ್ಕೆ ತಂದದ್ದರಿಂದಲೇ ಅದು ಹೊಲಿಗೆ ಯಂತ್ರದಂತಾಗಿರುವುದು. ಸ್ಯಾಂಪಲ್ಲಿನ ಬಲ ಮೂಲ ಹೊಡೆತದ ಬಲವನ್ನು ಅನುಸರಿಸುವಂತೆ ಇಡಿ.

‘ಗುಂಯ್’ ಸದ್ದಿನ ವಿಷಯ. ಆ ವಿಡಿಯೊ ಮಾಡಿದವರು ಅಮೆರಿಕದವರಿರಬೇಕು. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಆದರೆ ಹಾಗೆಂದು 50ರಲ್ಲಿ ಕತ್ತರಿ ಹಾಕಬೇಡಿ. ನೀವು ತಂತಿಗಳನ್ನು ತಗ್ಗಿಸಿದ ಡ್ರಾಪ್ ಸಿ ಶ್ರುತಿಯಲ್ಲಿ ನುಡಿಸುತ್ತೀರಿ. ಆ ಶ್ರುತಿಯಲ್ಲಿ ಬೇಸಿನ ಅತಿ ದಪ್ಪ ತಂತಿ 32.7 ಹರ್ಟ್ಸ್‌ನ ಸಿ, ಅದರ ಪಕ್ಕದ ತಂತಿ 49 ಹರ್ಟ್ಸ್‌ನ ಜಿ. ವಿದ್ಯುತ್ತಿನ ಸದ್ದನ್ನು ತೆಗೆಯಲು ಹೋದರೆ ಒಂದು ಇಡೀ ತಂತಿಯ ಬುಡವೇ ಹೋಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆಯೇ ನಡೆಸಿ, ಅರ್ಥಿಂಗ್ ಸರಿಯಿರುವ ಪ್ಲಗ್ಗಿನಿಂದ ಇಂಟರ್‌ಫೇಸಿಗೆ ಕರೆಂಟ್ ಕೊಟ್ಟು, ಕೇಬಲ್ ಬದಲಾಯಿಸಿ, ಬೇಸನ್ನು ಹೊಸದಾಗಿ ನುಡಿಸಿಬಿಡಿ. ಒಂದು ಸಂಜೆಯ ಕೆಲಸ. ಪಕ್ಕದಲ್ಲಿ ಇನ್‌ವರ್ಟರ್ ಇದ್ದರೆ ಅದರಿಂದ ದೂರ ಕೂರಿ.

ಬೇಸಿಗೆ ನೀವು ಕೊಟ್ಟಿರುವ ಜಾಗವೂ ಸಾಲದು. ಮೆಟಾಲಿಕಾ ತಂಡದ 1988ರ ಆಲ್ಬಮ್ಮಿನಲ್ಲಿ ಬೇಸ್ ಕೇಳುವುದೇ ಇಲ್ಲ ಎಂಬ ದೂರು ಇಂದಿಗೂ ನಿಂತಿಲ್ಲ. ಅಷ್ಟು ದೊಡ್ಡ ತಂಡಕ್ಕೆ ದಕ್ಕಿದ್ದು ನಿಮಗೂ ದಕ್ಕೀತು ಎಂದುಕೊಳ್ಳಬಾರದು. ಗಿಟಾರಿನ ಭಾರವೆಂದು ನಾವು ಅಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಬೇಸಿನದು. 32.7 ಹರ್ಟ್ಸ್ ಮನೆಯ ಸಣ್ಣ ಸ್ಪೀಕರುಗಳಲ್ಲಿ ಬರುವುದೇ ಇಲ್ಲ. ಆದರೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳು, ಅಂದರೆ 65, 98, 131 ಹರ್ಟ್ಸ್‌ಗಳು ಕೇಳಿದರೆ ಕಿವಿ ಇಲ್ಲದ ಬುಡವನ್ನೂ ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಬೇಸಿನ ತಳವನ್ನು ಉಬ್ಬಿಸುವುದರ ಬದಲು, ಟ್ರ್ಯಾಕಿನ ಒಂದು ಪ್ರತಿಗೆ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟು ಮೂಲದೊಡನೆ ಬೆರೆಸಿ.

ಗಿಟಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಟೇಕನ್ನು ನಕಲು ಮಾಡಿ 15 ಮಿಲಿಸೆಕೆಂಡ್ ತಡಮಾಡಿ ಇನ್ನೊಂದು ಬದಿಗೆ ಇಟ್ಟಿದ್ದೀರಿ. ಅದನ್ನು ಅಳಿಸಿ, ಎರಡನೆಯ ಬದಿಗೆ ನಿಜವಾಗಿಯೂ ಇನ್ನೊಮ್ಮೆ ನುಡಿಸಿ. ಡಿಸ್ಟಾರ್ಷನ್ ಎಷ್ಟೆಂದು ನಿರ್ಧರಿಸುವ ಗೇನನ್ನು ಮೂರನೇ ಒಂದು ಭಾಗದಷ್ಟು ಇಳಿಸಿ, ಏಕೆಂದರೆ ಒಬ್ಬರೇ ನುಡಿಸುವಾಗ ಹಿತವೆನಿಸುವ ಗೇನು ಎರಡು ಗಿಟಾರುಗಳು ಸೇರಿದಾಗ ಎಣ್ಣೆಯಲ್ಲಿ ಹಪ್ಪಳ ಕರಿದಂತೆ ಕೇಳುತ್ತದೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಬೇಸಿಗೆ ಬಿಟ್ಟುಕೊಡಿ, 10 ಕಿಲೊಹರ್ಟ್ಸ್‌ಗಿಂತ ಮೇಲಿನದನ್ನು ಸಿಂಬಲ್ಲಿಗೆ ಬಿಟ್ಟುಕೊಡಿ.

ಹಾಡಿನ ಮಾತುಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಹಾಡಿಗೆಂದು ಮಾಡಿದ ಟೆಂಪ್ಲೇಟು ಕನ್ನಡಕ್ಕೆ ಎಲ್ಲಿ ಕೈಕೊಡುತ್ತದೆ ಎಂಬುದು ನಿಮ್ಮ ಡೆಮೊದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ಏನು? ನಾಲಿಗೆ ಹಲ್ಲಿಗೆ ತಾಗಿ, ಉಸಿರು ಒಂದು ಗಳಿಗೆ ನಿಂತು, ಆಮೇಲೆ ಬಿಡುಗಡೆಯಾಗುವ ಆ ಸಣ್ಣ ಮೌನದ ಉದ್ದ. ಒತ್ತಕ್ಷರವೆಂದು ನಾವು ಗುರುತಿಸುವುದು ಬಹುಮಟ್ಟಿಗೆ ಆ ಮೌನವನ್ನೇ. ಟೆಂಪ್ಲೇಟಿನ ಕಂಪ್ರೆಸರು ಸದ್ದು ತಗ್ಗಿದ ಕೂಡಲೇ ಕೈ ಸಡಿಲಿಸಿ ಹಿಂದಿನ ಉಸಿರು, ಕೋಣೆಯ ಗದ್ದಲ ಎಲ್ಲವನ್ನೂ ಮೇಲೆತ್ತುತ್ತದೆ. ಅದರ ಮೇಲೆ ಸುರಿದಿರುವ 2 ಸೆಕೆಂಡಿನ ರಿವರ್ಬು (ಕೃತಕ ಮಾರ್ದನಿ) ಉಳಿದ ಜಾಗವನ್ನೂ ತುಂಬುತ್ತದೆ. ಪಲ್ಲವಿಯಲ್ಲಿ ಬರುವ ‘ಕತ್ತಲು’, ‘ನೆತ್ತರು’, ‘ಬೆಟ್ಟ’ ಮೂರರಲ್ಲೂ ಒತ್ತು ಕರಗಿಹೋಗಿದೆ. ಹಾಡುವವರು ಸರಿಯಾಗಿಯೇ ಉಚ್ಚರಿಸಿದ್ದಾರೆ ಎಂಬುದಕ್ಕೆ ಮೂಲ ಟ್ರ್ಯಾಕು ಸಾಕ್ಷಿ. ಹ್ರಸ್ವ ದೀರ್ಘಗಳಿಗೂ ಇದೇ ಗತಿ: ರಿವರ್ಬಿನ ಬಾಲದಲ್ಲಿ ಎಲ್ಲ ಸ್ವರಗಳೂ ದೀರ್ಘವಾಗುತ್ತವೆ.

ಗಂಟಲೊಡೆದು ಹಾಡುವ ದನಿ ತನ್ನಷ್ಟಕ್ಕೇ ಹಿಂಡಿದ ದನಿ. ಅದಕ್ಕೆ ಬಿಗಿಯಾದ ಕಂಪ್ರೆಸರು ಬೇಕಾಗಿಲ್ಲ. ಪದ ಪದಕ್ಕೂ ವಾಲ್ಯೂಮಿನ ಗೆರೆಯನ್ನು ಕೈಯಿಂದ ಏರಿಸಿ ಇಳಿಸಿ ಬರೆಯಿರಿ. ಬೇಸರದ ಕೆಲಸ ಹೌದು, ಮೂರು ಹಾಡಿಗೆ ಒಂದು ಭಾನುವಾರ ಹಿಡಿಯುತ್ತದೆ. ಆಮೇಲೆ 3 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸದ ಒಂದು ಕಂಪ್ರೆಸರು ಸಾಕು. ರಿವರ್ಬನ್ನು ಅರ್ಧ ಸೆಕೆಂಡಿನ ಸಣ್ಣ ಕೋಣೆಗೆ ಇಳಿಸಿ, ದನಿಗೂ ಅದಕ್ಕೂ ನಡುವೆ ಸುಮಾರು 20 ಮಿಲಿಸೆಕೆಂಡಿನ ಬಿಡುವು ಕೊಡಿ. ಅದೇ ಕೋಣೆಗೆ ಗಿಟಾರುಗಳನ್ನೂ ಚೂರು ಕಳುಹಿಸಿ. ಡ್ರಮ್ಸಿನಲ್ಲಿ ನಿಮ್ಮ ನಿಜವಾದ ಕೋಣೆಯೇ ಇರುವುದರಿಂದ ಅದಕ್ಕೆ ಬೇಡ. ನೇರವಾಗಿ ಕೇಬಲ್ಲಿನಲ್ಲಿ ಬಂದ ಗಿಟಾರಿಗೂ ಗಾಳಿಯಲ್ಲಿ ಬಂದ ಡ್ರಮ್ಸಿಗೂ ಒಂದೇ ಸೂರು ಸಿಗುವುದು ಹೀಗೆ.

ಕೊನೆಯದಾಗಿ, ನೀವು ಮಿಕ್ಸ್ ಮಾಡುವುದೂ ಅದೇ ಕೋಣೆಯಲ್ಲಿ ಎಂದು ಫೋಟೊ ನೋಡಿ ತಿಳಿಯಿತು. ಮೇಜು ಕೋಣೆಯ ನಟ್ಟನಡುವೆ ಇದೆ. 12 ಅಡಿಯ ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್, 10 ಅಡಿಯ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಸದ್ದು ನಿಂತು ಅನುರಣಿಸುತ್ತದೆ; ಎತ್ತರವೂ 10 ಅಡಿಯೇ ಆಗಿರುವುದರಿಂದ 56ರ ಪ್ರಭಾವ ಇಮ್ಮಡಿ. ಇಂಥ ಸದ್ದುಗಳು ಗೋಡೆಯ ಹತ್ತಿರ ಉಬ್ಬಿ, ನಡುವಿನಲ್ಲಿ ಮಾಯವಾಗುತ್ತವೆ. ನೀವು ಕೂತ ಜಾಗದಲ್ಲಿ ತಳಸದ್ದು ಕೇಳುವುದಿಲ್ಲವೆಂದು ಅದನ್ನು ಏರಿಸುತ್ತಾ ಹೋಗಿದ್ದೀರಿ; ಹಾಗಾಗಿಯೇ ನನ್ನ ಸ್ಪೀಕರಿನಲ್ಲಿ ಅದು ಗುಡುಗಿತು. ಕೋಣೆಯ 12 ಅಡಿ ಉದ್ದದ ದಿಕ್ಕಿಗೆ ಮುಖ ಮಾಡಿ, ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಹಿಂದೆ ತಲೆ ಬರುವಂತೆ ಕೂರಿ. ಹತ್ತಿ ಹಾಸಿಗೆಯನ್ನೋ ಕಂಬಳಿಯನ್ನೋ ಅಕ್ಕಪಕ್ಕದ ಗೋಡೆಗಳಿಗೆ ನಿಲ್ಲಿಸಿದರೆ ಮೇಲಿನ ಸದ್ದಿನ ಚುರುಕು ಕಡಿಮೆಯಾಗುತ್ತದೆ, ಆದರೆ 50 ಹರ್ಟ್ಸ್‌ಗೆ ಅವು ಲೆಕ್ಕಕ್ಕಿಲ್ಲ. ಆ ಭಾಗವನ್ನು ಹೆಡ್‌ಫೋನಿನಲ್ಲಿ ತಾಳೆ ನೋಡಿ. ಫೋಟೊದಲ್ಲಿ ಕಾಣುವ ಕಬ್ಬಿಣದ ಬೀರುವಿನ ಬಾಗಿಲಿಗೆ ಒಂದು ಮಡಿಸಿದ ಕಾಗದ ಸಿಕ್ಕಿಸಿ. ಎರಡನೆಯ ಹಾಡಿನಲ್ಲಿ ಟಾಮ್ ಬಾರಿಸಿದಾಗಲೆಲ್ಲ ‘ಝಣ್’ ಎನ್ನುತ್ತಿರುವುದು ಅದೇ ಎಂದು ನನ್ನ ಅನುಮಾನ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಇರುವುದರಿಂದ ಎಲೆಕ್ಟ್ರಾನಿಕ್ ಡ್ರಮ್ಸ್ ಬಿಟ್ಟು ನಮಗೆ ಬೇರೆ ದಾರಿಯಿಲ್ಲ. ಇದರಲ್ಲೂ ಸಹಜ ನಾದ ಸಾಧ್ಯವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮುಕ್ಕಾಲು ಪಾಲು ಸಾಧ್ಯ. ಡ್ರಮ್ ಸಾಫ್ಟ್‌ವೇರುಗಳಲ್ಲಿ ಹತ್ತಿರದ ಮೈಕುಗಳ ಜೊತೆಗೆ ಓವರ್‌ಹೆಡ್ ಮತ್ತು ಕೋಣೆಯ ಮೈಕುಗಳೂ ಪ್ರತ್ಯೇಕ ಟ್ರ್ಯಾಕುಗಳಾಗಿ ಸಿಗುತ್ತವೆ. ಎಲ್ಲರೂ ಹತ್ತಿರದ ಮೈಕುಗಳನ್ನು ಮುಂದಿಡುತ್ತಾರೆ, ನೀವು ಓವರ್‌ಹೆಡ್‌ಗಳಿಂದ ಆರಂಭಿಸಿ. ಬಾರಿಸಿದ ಬಲದ ಏರಿಳಿತವನ್ನು ಹಾಗೆಯೇ ಉಳಿಸಿಕೊಳ್ಳಿ. ಸೋಲುವುದು ಹೈ-ಹ್ಯಾಟ್ ಮತ್ತು ಸಿಂಬಲ್‌ಗಳಲ್ಲಿ, ಏಕೆಂದರೆ ರಬ್ಬರಿನ ತಟ್ಟೆಗೆ ಲೋಹದ ಅನಂತ ಛಾಯೆಗಳು ಬರುವುದಿಲ್ಲ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಒಂದು ಜ್ಯಾಮ್ ರೂಮಿನಲ್ಲಿ ಎರಡು ಗಂಟೆ ಹಿಡಿದು, ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಸಿಂಬಲ್‌ಗಳನ್ನು ಮಾತ್ರ ನಿಜವಾಗಿ ಬಾರಿಸಿ ಮುದ್ರಿಸಿಕೊಳ್ಳಿ.

ಪ್ರಶ್ನೆ: ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದರೆ ಅಕ್ಕಪಕ್ಕದವರಿಗೆ ಸದ್ದು ಕೇಳುವುದಿಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೇಳುತ್ತದೆ. ಸದ್ದನ್ನು ತಡೆಯುವುದು ಗೋಡೆಯ ತೂಕ ಮತ್ತು ಸಂದುಗೊಂದುಗಳಿಲ್ಲದ ಬಾಗಿಲು ಕಿಟಕಿಗಳು. ಕಾಗದದ ಟ್ರೇಗೆ ತೂಕವೇ ಇಲ್ಲ. ಕೋಣೆಯ ಒಳಗೂ ಅದು ಮೇಲಿನ ಸದ್ದನ್ನಷ್ಟೇ ಸ್ವಲ್ಪ ಚದುರಿಸಿ ತಳಸದ್ದನ್ನು ಹಾಗೆಯೇ ಬಿಡುವುದರಿಂದ ಮುದ್ರಣ ಮಂಕಾಗುತ್ತದೆ. ಬೆಂಕಿ ಬೇಗ ಹತ್ತುವ ವಸ್ತು ಎಂಬುದನ್ನೂ ಮರೆಯಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಡ್ರಮ್ಸನ್ನು ಮಧ್ಯಾಹ್ನ ಮುದ್ರಿಸಿ, ಅದಕ್ಕೂ ಮೊದಲು ಪಕ್ಕದ ಮನೆಯವರಿಗೆ ಹೇಳಿಬಿಡಿ.

ಪ್ರಶ್ನೆ: ನಮ್ಮ ಡೆಮೊ ಬೇರೆ ತಂಡಗಳ ಹಾಡುಗಳ ಪಕ್ಕದಲ್ಲಿ ಸಣ್ಣಗೆ ಕೇಳುತ್ತದೆ. ಸದ್ದಿನ ಶಿಖರಗಳನ್ನು ಒತ್ತಿ ಒಟ್ಟು ಹಾಡನ್ನು ಜೋರು ಮಾಡುವ ಲಿಮಿಟರಿನಲ್ಲಿ ಇನ್ನೂ ಒತ್ತಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಒತ್ತಬಹುದು, ಆದರೆ ಲಾಭವಿಲ್ಲ. ಸ್ಪಾಟಿಫೈನಂಥ ತಾಣಗಳು ಜೋರಾದ ಹಾಡುಗಳನ್ನು ತಾವೇ ಸುಮಾರು –14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರೆಂದು ಹೇಳುವ ಅಳತೆ) ಮಟ್ಟಕ್ಕೆ ಇಳಿಸಿ ಕೇಳಿಸುತ್ತವೆ. ನೀವು ಹಿಂಡಿದ್ದು ಹಿಂಡಿದಂತೆಯೇ ಉಳಿದು, ಜೋರು ಮಾತ್ರ ಹೋಗುತ್ತದೆ. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಭಿಮಾನಿಗಳೇ ಸದ್ದು ಒಡೆದಿದೆ ಎಂದು ದೂರಿದ್ದರು. ಅದೇ ಹಾಡುಗಳು ‘ಗಿಟಾರ್ ಹೀರೊ’ ವಿಡಿಯೊ ಗೇಮಿನಲ್ಲಿ ಅಷ್ಟು ಹಿಂಡದ ರೂಪದಲ್ಲಿ ಸಿಕ್ಕಿದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುವ ಅವಕಾಶವೂ ಅವರಿಗೆ ಒದಗಿತು. ನೀವು ಹೋಲಿಸಿ ನೋಡುವಾಗ ಆ ಬೇರೆ ತಂಡದ ಹಾಡಿನ ಫೇಡರನ್ನು ನಿಮ್ಮ ಹಾಡಿನ ಮಟ್ಟಕ್ಕೆ ಇಳಿಸಿಕೊಂಡು ಕೇಳಿ. ಮಾಸ್ಟರಿಂಗಿಗೆ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಕೊಡುವುದಾದರೆ ಲಿಮಿಟರ್ ತೆಗೆದು, 24 ಬಿಟ್ ವೇವ್ ಫೈಲನ್ನು ಕೊಡಿ.

ಪ್ರಶ್ನೆ: ನಮ್ಮ ಮೆಟಲ್ ಹಾಡೊಂದರಲ್ಲಿ ಮೃದಂಗವಿದೆ. ಗಿಟಾರುಗಳು ಬಂದ ಕೂಡಲೇ ಅದು ಮುಳುಗಿಹೋಗುತ್ತದೆ. ಎಷ್ಟು ಏರಿಸಿದರೂ ‘ಟಿಕ್ ಟಿಕ್’ ಅಷ್ಟೇ ಕೇಳುತ್ತದೆ.
– ಓದುಗರೊಬ್ಬರು, ಮೈಸೂರು

ಉತ್ತರ: ಮೃದಂಗವನ್ನು ಏರಿಸುವುದಕ್ಕೆ ಮೊದಲು ಶ್ರುತಿ ನೋಡಿ. ಬಲಗಡೆಯ ಮುಚ್ಚಳಿಕೆಯ ನಡುವಿನ ಕಪ್ಪು ಲೇಪದಿಂದಾಗಿ ಮೃದಂಗದ ಉಪಸ್ವರಗಳು ತಂತಿವಾದ್ಯದ ಉಪಸ್ವರಗಳಂತೆಯೇ ಕ್ರಮಬದ್ಧವಾಗಿರುತ್ತವೆ ಎಂಬುದನ್ನು ಸಿ.ವಿ. ರಾಮನ್ ಅವರು 1920ರಲ್ಲೇ ಗುರುತಿಸಿದ್ದರು. ಸ್ನೇರಿಗೆ ಇಲ್ಲದ ಸ್ವರ ಮೃದಂಗಕ್ಕೆ ಇದೆ. ಅದು ಗಿಟಾರಿನ ಆಧಾರ ಸ್ವರದೊಡನೆ ಕೂಡದಿದ್ದರೆ ಡಿಸ್ಟಾರ್ಷನ್ನಿನ ಗದ್ದಲದಲ್ಲಿ ಸ್ವರ ಸತ್ತು, ಬೆರಳಿನ ತುದಿಯ ಸದ್ದು ಮಾತ್ರ ಉಳಿಯುತ್ತದೆ. ಹಾಡು ಸಿ ಶ್ರುತಿಯಲ್ಲಿದ್ದರೆ ಮೃದಂಗವೂ ಸಿ ಶ್ರುತಿಯದ್ದೇ ಇರಲಿ. ಬಲಕ್ಕೊಂದು ಎಡಕ್ಕೊಂದು ಮೈಕಿಟ್ಟು, ಮೃದಂಗ ನುಡಿಯುವ ಕಡೆ ಒಂದು ಗಿಟಾರನ್ನು ನಿಲ್ಲಿಸಿಬಿಡಿ. ಎರಡೂ ಗಿಟಾರುಗಳು ಬೇಕೇ ಬೇಕೆಂದರೆ ಗಮಕಿಸುವ ಎಡಗಡೆಯ ಸದ್ದಿಗೆ ಜಾಗ ಸಿಗುವಂತೆ ಅಷ್ಟು ಹೊತ್ತು ಬೇಸ್ ಮೇಲಿನ ಸ್ವರಗಳಲ್ಲಿ ನುಡಿಸಲಿ. ಸೆಕೆಯ ಕೋಣೆಯಲ್ಲಿ ಎರಡು ಟೇಕುಗಳ ನಡುವೆಯೇ ಮೃದಂಗದ ಶ್ರುತಿ ಜಾರಬಹುದು. ಪ್ರತಿ ಟೇಕಿಗೂ ಮೊದಲು ಮೃದಂಗದವರಿಗೆ ಅದನ್ನು ಸರಿಮಾಡಿಕೊಳ್ಳಲು ಐದು ನಿಮಿಷ ಕೊಡಿ, ಅಷ್ಟು ಹೊತ್ತು ಗಿಟಾರಿನವರು ಸುಮ್ಮನಿರಲಿ.